ಬದ್ಮೆ ಹಳ್ಳಿಗೆ ಡಿಕ್ರಿ ಆಯ್ತು, ಕಬ್ಜ ಯಾಕೆ ಸಿಗಲಿಲ್ಲ?

ಗಂಗೋತ್ರಿ_ಹೈದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ತಾಳ್ಮೆ ಇರಲಿ.

ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಮಾಡುತ್ತಿದ್ದೇನೆ. ನಮ್ಮ ಹಾಸ್ಟೆಲ್ ಹಿಂದಿನ ರಸ್ತೆಯ ಬಾಡಿಗೆ ಮನೆಯಲ್ಲಿ ಇಥಿಯೋಪಿಯಾದ ಒಬ್ಬರು ಇದ್ದಾರೆ. ಪಿಎಚ್‌ಡಿ ಮಾಡಲು ಬಂದವರು, ಊರು ಅಲ್ಲಿನ ಉತ್ತರದ ಟಿಗ್ರೇ ಪ್ರಾಂತ್ಯದ ಮೆಕೆಲೆ. ದಿನಾ ಸಂಜೆ ಒಂದೇ ಅಂಗಡಿಯಲ್ಲಿ ಟೀ ಕುಡಿದು ಪರಿಚಯ. ಬಹಳ ಮೆತ್ತಗಿನ ಮನುಷ್ಯ. ಮೊನ್ನೆ ನಾನು, ಇಥಿಯೋಪಿಯಾ ಮತ್ತು ಎರಿಟ್ರಿಯಾ ಯುದ್ಧ ಮಾಡಿದ್ದ ಗಡಿ ಹಳ್ಳಿ ಬದ್ಮೆ ಬಗ್ಗೆ ಸೆಮಿನಾರಿಗೆ ಓದಿಕೊಂಡಿದ್ದ ಹುಮ್ಮಸ್ಸಿನಲ್ಲಿ, ‘ಬದ್ಮೆ ಎರಿಟ್ರಿಯಾದ್ದು ಅಂತ 2002ರಲ್ಲೇ ತೀರ್ಪಾಗಿದೆಯಲ್ಲ, ನಿಮ್ಮವರು ಯಾಕೆ ಬಿಟ್ಟುಕೊಡಲಿಲ್ಲ?’ ಅಂತ ಕೇಳಿಬಿಟ್ಟೆ. ಅರ್ಧ ಲೋಟ ಟೀ ಹಾಗೇ ಇಟ್ಟು ಎದ್ದು ಹೋದರು. ಮಾರನೇ ದಿನ ಅವರೇ ಬಂದು ಹೇಳಿದ್ದು ಇಷ್ಟು: ಅಲ್ಲಿ ಇದ್ದವರು ನಮ್ಮ ಜನ, ಸತ್ತವರು ನಮ್ಮ ಜನ, ತೀರ್ಪು ಕೊಟ್ಟವರು ಎಲ್ಲೋ ಹೇಗ್‌ನಲ್ಲಿ ಕೂತು ನಕ್ಷೆ ನೋಡಿದವರು.

ನನಗೆ ತಪ್ಪು ಮಾಡಿದೆ ಅನ್ನಿಸಿತು, ಆದರೆ ಪ್ರಶ್ನೆ ಹೋಗಲಿಲ್ಲ. ಎರಡು ದೇಶಗಳೂ ಒಪ್ಪಿ ಸಹಿ ಹಾಕಿದ ಮೇಲೆ ಬಂದ ತೀರ್ಪು ಅದು. ಆಫ್ರಿಕಾದವರದೇ ಸಂಘಟನೆ ಮಧ್ಯೆ ನಿಂತು ರಾಜಿ ಮಾಡಿಸಿತ್ತು, ವಿಶ್ವಸಂಸ್ಥೆಯ ಸೈನ್ಯವೂ ಬಂದಿತ್ತು. ಆದರೂ 16 ವರ್ಷ ಏನೂ ಆಗಲಿಲ್ಲ ಅಂದರೆ ಏನರ್ಥ? ಸಾರ್ವಭೌಮತ್ವ ಅಂದರೆ ‘ನನ್ನ ಮನೆ, ನಾನು ಹೇಳಿದ್ದೇ ಕಾನೂನು’ ಅಂತಲಾ? ಹಾಗಿದ್ದರೆ ಈ ಅಕ್ಕಪಕ್ಕದ ದೇಶಗಳ ರಾಜತಾಂತ್ರಿಕತೆ ಬರೀ ಕೈಕುಲುಕಿ ಫೋಟೊ ತೆಗೆಸಿಕೊಳ್ಳುವುದಕ್ಕಾ? ಗೊತ್ತಿರುವವರು ಹೇಳಿ. ಪರೀಕ್ಷೆಗೆ ಬರೆಯುವ ಉತ್ತರ ಬೇಡ, ಅದು ನನ್ನ ಹತ್ತಿರ ಇದೆ.

ಸುಮ್ನೆ_ಓದ್ತೀನಿ:

ಗುರು, ನಮ್ಮ ಊರಲ್ಲೇ ಅಣ್ಣ ತಮ್ಮಂದಿರು ಒಂದು ಅಡಿ ಬದುವಿಗೆ ಮಚ್ಚು ತೆಗೆಯುತ್ತಾರೆ. ಅದನ್ನು ಬಿಟ್ಟು ಆಫ್ರಿಕಾಗೆ ಹೋಗಿದ್ದೀಯಲ್ಲ.

ಹಳೇಮೇಷ್ಟ್ರು_ಕುವೆಂಪುನಗರ:

ಮೇಲಿನವರು ತಮಾಷೆಗೆ ಹೇಳಿದರೂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಅದು ಅಣ್ಣ ತಮ್ಮಂದಿರ ಜಗಳವೇ.

ನಾನು 2009ರಿಂದ ನಾಲ್ಕು ವರ್ಷ ಮೆಕೆಲೆಯಲ್ಲಿ ಪಾಠ ಮಾಡಿದವನು. ಆಗ ನಮ್ಮ ಕಡೆಯಿಂದ ಎಷ್ಟೋ ಜನ ಮೇಷ್ಟ್ರುಗಳು ಇಥಿಯೋಪಿಯಾದ ಕಾಲೇಜುಗಳಿಗೆ ಹೋಗುತ್ತಿದ್ದರು. ಅಲ್ಲಿನ ಟೆಫ್ ಅನ್ನೋ ಧಾನ್ಯ ನಮ್ಮ ರಾಗಿಗಿಂತ ಸಣ್ಣದು, ಅದರ ಹಿಟ್ಟು ಹುಳಿ ಬರಿಸಿ ಮಾಡುವ ಇಂಜೆರಾ ತಿಂದಾಗ ಮೊದಲ ವಾರ ಹುಳಿ ದೋಸೆ ಕೆಟ್ಟಿದೆ ಅನ್ನಿಸಿತು, ಎರಡನೇ ತಿಂಗಳಿಗೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಎರಿಟ್ರಿಯಾ 1890ರಿಂದ ಇಟಲಿಯ ವಸಾಹತು. ಇಥಿಯೋಪಿಯಾದ ರಾಜ ಎರಡನೇ ಮೆನೆಲಿಕ್ ಮತ್ತು ಇಟಲಿ ಸೇರಿ 1900, 1902, 1908ರಲ್ಲಿ ಮೂರು ಒಪ್ಪಂದ ಮಾಡಿಕೊಂಡು ಗಡಿ ಬರೆದರು. ಎರಡನೇ ಮಹಾಯುದ್ಧದ ನಡುವೆ 1941ರಲ್ಲಿ ಇಟಲಿ ಸೋತ ಮೇಲೆ ಬ್ರಿಟಿಷರ ಕೈಯಲ್ಲಿ ಸ್ವಲ್ಪ ಕಾಲ, 1952ರಲ್ಲಿ ವಿಶ್ವಸಂಸ್ಥೆ ಮಾತಿನ ಮೇಲೆ ಇಥಿಯೋಪಿಯಾ ಜೊತೆ ಒಕ್ಕೂಟ, 1962ರಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಆ ಒಕ್ಕೂಟವನ್ನೂ ರದ್ದು ಮಾಡಿ ಪೂರ್ತಿ ನುಂಗಿದರು. ಸುಮಾರು 30 ವರ್ಷ ಹೋರಾಟ ನಡೆಯಿತು. ಇದರಲ್ಲಿ ಎರಿಟ್ರಿಯಾದ ಇಸಾಯಿಯಸ್ ಅಫ್ವೆರ್ಕಿ ಮತ್ತು ಟಿಗ್ರೇಯ ಮೆಲೆಸ್ ಝೆನಾವಿ, ಇಬ್ಬರ ಪಡೆಗಳೂ ಒಂದೇ ಶತ್ರುವಿನ ವಿರುದ್ಧ, ಅಂದರೆ ಆಗಿನ ಇಥಿಯೋಪಿಯಾ ಸರ್ಕಾರದ ವಿರುದ್ಧ ಬಡಿದಾಡಿದವು. 1991ರ ಮೇ ತಿಂಗಳಲ್ಲಿ ಒಬ್ಬರು ಎರಿಟ್ರಿಯಾದ ರಾಜಧಾನಿ ಅಸ್ಮಾರಾಗೆ ನುಗ್ಗಿದರು, ಇನ್ನೊಬ್ಬರು ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾಗೆ. 1993ರಲ್ಲಿ ಜನಮತ ಆಗಿ ಎರಿಟ್ರಿಯಾ ಬೇರೆ ದೇಶವಾಯಿತು, ಇಥಿಯೋಪಿಯಾ ಒಪ್ಪಿಯೇ ಬೇರೆಯಾಯಿತು. ಪಾಲು ಆದ ದಿನ ಇಬ್ಬರೂ ನಗುನಗುತ್ತಲೇ ಇದ್ದರು. ಬದು ಯಾವುದು ಅಂತ ಮಾತ್ರ ಯಾರೂ ಅಳೆಯಲಿಲ್ಲ.

ಆಮೇಲೆ 1997ರ ಕೊನೆಗೆ ಎರಿಟ್ರಿಯಾ ನಕ್ಫಾ ಅನ್ನೋ ಸ್ವಂತ ದುಡ್ಡು ತಂದಿತು. ಅಲ್ಲಿಯವರೆಗೂ ಇಥಿಯೋಪಿಯಾದ ಬಿರ್ರೇ ಓಡುತ್ತಿತ್ತು. ಇನ್ನು ವ್ಯಾಪಾರ ಡಾಲರ್‌ನಲ್ಲಿ ಆಗಬೇಕು ಅಂತ ಇಥಿಯೋಪಿಯಾದವರು ಪಟ್ಟು ಹಿಡಿದರು. ಇಥಿಯೋಪಿಯಾದ ಸರಕು ಬರುತ್ತಿದ್ದ ಎರಿಟ್ರಿಯಾದ ಅಸಬ್ ಬಂದರಿನ ಲೆಕ್ಕಾಚಾರದಲ್ಲೂ ಮನಸ್ತಾಪ. 1998ರ ಮೇ 6ರಂದು ಬದ್ಮೆ ಹತ್ತಿರ ಗುಂಡು ಹಾರಿತು, ಆರು ದಿನಕ್ಕೆ ಎರಿಟ್ರಿಯಾದ ಸೈನ್ಯ ಟ್ಯಾಂಕ್ ಸಮೇತ ಒಳಗೆ ಬಂತು. ಜೂನ್ 5ಕ್ಕೆ ಎರಡೂ ಕಡೆ ವಿಮಾನ ದಾಳಿ. ಇಥಿಯೋಪಿಯಾದವರು ಅಸ್ಮಾರಾ ವಿಮಾನ ನಿಲ್ದಾಣಕ್ಕೆ ಹಾಕಿದರು, ಎರಿಟ್ರಿಯಾದವರು ಮೆಕೆಲೆಗೆ. ಮೆಕೆಲೆಯ ಐಡರ್ ಬಡಾವಣೆಯಲ್ಲಿ ಶಾಲೆಯ ಹತ್ತಿರ ಬಾಂಬ್ ಬಿದ್ದು ಮಕ್ಕಳೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. ನಿನ್ನ ಸ್ನೇಹಿತ ಆಗ ಕೂಸಾಗಿರಬೇಕು, ಆದರೆ ಮೆಕೆಲೆಯಲ್ಲಿ ಬೆಳೆದವನಿಗೆ ಐಡರ್ ಕಥೆ ಗೊತ್ತಿಲ್ಲದೆ ಇರಲ್ಲ. ಟೀ ಬಿಟ್ಟು ಎದ್ದು ಹೋಗಿದ್ದು ನನಗೆ ಆಶ್ಚರ್ಯ ತರಲಿಲ್ಲ ತಮ್ಮಾ.

ರಾಜಿ ಪಂಚಾಯಿತಿ ಕಥೆ ಕೇಳು, ಅದೇ ಮಜಾ ಇರೋದು. ಮೊದಲು ಅಮೆರಿಕ ಮತ್ತು ರುವಾಂಡಾ ಒಟ್ಟಿಗೆ ಒಂದು ಸೂತ್ರ ತಂದವು: ಎರಿಟ್ರಿಯಾ ಮೇ 6ಕ್ಕೆ ಮುಂಚೆ ಎಲ್ಲಿತ್ತೋ ಅಲ್ಲಿಗೆ ಹೋಗಲಿ, ಜಾಗ ಯಾರದ್ದು ಅಂತ ಆಮೇಲೆ ತೀರ್ಮಾನ. ಇಥಿಯೋಪಿಯಾ ಹೂಂ ಅಂದಿತು, ಎರಿಟ್ರಿಯಾ ಒಪ್ಪಲಿಲ್ಲ. ಆಫ್ರಿಕಾ ಏಕತಾ ಸಂಘಟನೆ ಹೆಚ್ಚುಕಡಿಮೆ ಅದನ್ನೇ 1998ರ ನವೆಂಬರ್‌ನಲ್ಲಿ ಬುರ್ಕಿನಾ ಫಾಸೋದ ರಾಜಧಾನಿಯಲ್ಲಿ ಮುಂದಿಟ್ಟಿತು. ಆಗಲೂ ಎರಿಟ್ರಿಯಾ ಜಗ್ಗಲಿಲ್ಲ. 1999ರ ಫೆಬ್ರವರಿ ಕೊನೆಗೆ ಇಥಿಯೋಪಿಯಾ ಹೊಡೆದು ಬದ್ಮೆ ವಾಪಸ್ ಹಿಡಿಯಿತು ನೋಡು, ಕೂಡಲೇ ಎರಿಟ್ರಿಯಾ ‘ನಾವು ಒಪ್ಪಿದ್ದೇವೆ’ ಅಂದಿತು. ಈಗ ಇಥಿಯೋಪಿಯಾ ಸರದಿ. ಗೆಲ್ಲುತ್ತಿರುವವನು ಯಾಕೆ ಒಪ್ಪುತ್ತಾನೆ? ಆ ಸೂತ್ರವನ್ನು ಜಾರಿ ಮಾಡಲು ಆಗಸ್ಟಿನಲ್ಲಿ ಬಂದ ಕರಡಿನಲ್ಲಿ ತಕರಾರು ತೆಗೆಯಿತು, 2000ದ ಮೇ 12ಕ್ಕೆ ದೊಡ್ಡ ದಾಳಿ ಮಾಡಿ ಎರಿಟ್ರಿಯಾದ ಒಳಗೆ ಬಹಳ ದೂರ ಹೋಯಿತು. ಜೂನ್ 18ಕ್ಕೆ ಅಲ್ಜೀರ್ಸ್‌ನಲ್ಲಿ ಕದನ ನಿಲ್ಲಿಸುವ ಸಹಿ, ಡಿಸೆಂಬರ್ 12ಕ್ಕೆ ಪೂರ್ತಿ ಒಪ್ಪಂದ, ಅಲ್ಜೀರಿಯಾದ ಅಧ್ಯಕ್ಷ ಬೂತೆಫ್ಲಿಕಾ ಮುಂದೆ ನಿಂತು ಮಾಡಿಸಿದ್ದು. ಅಷ್ಟರಲ್ಲಿ ಸತ್ತವರು 70 ಸಾವಿರದಿಂದ 1 ಲಕ್ಷ ಅಂತ ಅಂದಾಜು. ಇಥಿಯೋಪಿಯಾದಿಂದ ಸುಮಾರು 75 ಸಾವಿರ ಎರಿಟ್ರಿಯಾ ಮೂಲದವರನ್ನು ಗಡಿ ದಾಟಿಸಿದ್ದರು. ಎರಿಟ್ರಿಯಾದಿಂದಲೂ ಇಥಿಯೋಪಿಯಾದವರು ಗಂಟು ಕಟ್ಟಿಕೊಂಡು ಬಂದರು.

ನೋಡು, ಎಲ್ಲರಿಗೂ ಒಂದೇ ಕಾಗದ. ಯಾರು ಸೋಲುತ್ತಿದ್ದಾರೋ ಅವರಿಗೆ ಅದು ಚೆನ್ನಾಗಿ ಕಾಣಿಸುತ್ತಿತ್ತು, ಅಷ್ಟೇ.

ಬಾಂದುಕಲ್ಲು:

ಮೇಷ್ಟ್ರ ಮಾತಿಗೆ ಕೈ ಮುಗಿದೆ. ನಾನು ಮಂಡ್ಯದಲ್ಲಿ ಸಿವಿಲ್ ಕೇಸು ನಡೆಸುವ ವಕೀಲ, ಜಾಸ್ತಿ ಜಮೀನಿನ ವ್ಯಾಜ್ಯಗಳೇ. ತಲೆಬರಹ ನೋಡಿಯೇ ಒಳಗೆ ಬಂದೆ.

ತಮ್ಮಾ, ಡಿಕ್ರಿ ಬೇರೆ, ಎಕ್ಸಿಕ್ಯೂಷನ್ ಅಂದರೆ ಅದನ್ನು ಜಾರಿ ಮಾಡಿಸುವುದು ಬೇರೆ. ನಮ್ಮ ಕಕ್ಷಿದಾರರು ಡಿಕ್ರಿ ಆದ ದಿನ ಸಿಹಿ ಹಂಚುತ್ತಾರೆ, ನಾನು ಅವತ್ತೇ ಹೇಳುತ್ತೇನೆ, ಕೇಸು ಈಗ ಶುರು ಕಣಪ್ಪ ಅಂತ. ಇಪಿ ಅಂದರೆ ಜಾರಿ ಅರ್ಜಿ ಹಾಕಬೇಕು, ಕೋರ್ಟಿನ ಆದೇಶ ಜಾರಿ ಮಾಡುವ ಅಮೀನ ಹೋಗಬೇಕು, ಎದುರಾಳಿ ಅಡ್ಡ ಬಂದರೆ ಪೊಲೀಸ್ ಕರೆಸಬೇಕು, ಸರ್ವೆಯವರು ಹದ್ದುಬಸ್ತು ಮಾಡಿ ಕಲ್ಲು ನೆಡಬೇಕು. ದೇಶ ದೇಶದ ಮಧ್ಯೆ ಡಿಕ್ರಿವರೆಗೆ ಎಲ್ಲ ಇದೆ. ಅಮೀನ ಮಾತ್ರ ಇಲ್ಲ.

ಮೇಷ್ಟ್ರು ಹೇಳಿದ ಆ ಡಿಸೆಂಬರ್ ಒಪ್ಪಂದದಂತೆ ಗಡಿ ತೀರ್ಮಾನಿಸಲು ಮಾಡಿದ ಗಡಿ ಆಯೋಗದ ಕಾಗದಗಳನ್ನು ನಾನು ಒಮ್ಮೆ ಚಟಕ್ಕೆ ಬಿದ್ದು ಓದಿದ್ದೆ. ಐದು ಜನರ ಆಯೋಗ. ಇಬ್ಬರನ್ನು ಇವರು, ಇಬ್ಬರನ್ನು ಅವರು ಆರಿಸಿದ್ದು, ಅಧ್ಯಕ್ಷರು ಬ್ರಿಟನ್ನಿನ ಎಲಿಹು ಲೌಟರ್‌ಪ್ಯಾಕ್ಟ್. ನಿಮ್ಮ ಸ್ನೇಹಿತರು ಹೇಳಿದ್ದಾರಲ್ಲ, ‘ನಮ್ಮ ಜನ ಅಲ್ಲಿದ್ದರು’ ಅಂತ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಪ್ಪಂದದಲ್ಲೇ ಬರೆದಿತ್ತು: ವಸಾಹತು ಕಾಲದ ಆ ಮೂರು ಒಪ್ಪಂದ ಮತ್ತು ಅಂತರರಾಷ್ಟ್ರೀಯ ಕಾನೂನು ನೋಡಿ ತೀರ್ಮಾನಿಸಿ, ಯಾವುದು ನ್ಯಾಯವಾಗಿ ಕಾಣುತ್ತದೆ ಅಂತ ನೋಡುವ ಅಧಿಕಾರ ನಿಮಗಿಲ್ಲ. ಅಂದರೆ ಪಂಚಾಯಿತಿ ಮಾಡಿ ‘ಇವನು ಬಾವಿ ಇಟ್ಟುಕೊಳ್ಳಲಿ, ಅವನು ತೋಟ ಇಟ್ಟುಕೊಳ್ಳಲಿ’ ಅನ್ನುವ ಹಾಗಿಲ್ಲ. ಹಳೇ ದಾಖಲೆ ಏನು ಹೇಳುತ್ತದೋ ಅದು. ಕೈ ಕಟ್ಟಿ ಕೂರಿಸಿದ್ದು ಎರಡೂ ಸರ್ಕಾರಗಳೇ. ಜೊತೆಗೆ ‘ತೀರ್ಪು ಅಂತಿಮ, ಇಬ್ಬರಿಗೂ ಕಟ್ಟುಪಾಡು’ ಅಂತಲೂ ಸಹಿ ಹಾಕಿದ್ದರು.

ಇನ್ನೊಂದು ಸ್ವಾರಸ್ಯ. 2002ರ ಏಪ್ರಿಲ್ 13ಕ್ಕೆ ತೀರ್ಪು ಬಂತಲ್ಲ, ಅವತ್ತು ಇಬ್ಬರೂ ‘ಗೆದ್ದೆವು’ ಅಂದರು! ಯಾಕೆಂದರೆ ತೀರ್ಪಿನ ನಕ್ಷೆಯಲ್ಲಿ ಬದ್ಮೆ ಅನ್ನೋ ಊರಿನ ಗುರುತೇ ಇರಲಿಲ್ಲ. ಎರಡು ಹೊಳೆ ಸೇರುವ ಒಂದು ಜಾಗದಿಂದ ಇನ್ನೊಂದು ಸಂಗಮಕ್ಕೆ ನೇರ ಗೆರೆ ಎಳೆದಿದ್ದರು, ಅಷ್ಟೇ. ಇಥಿಯೋಪಿಯಾದ ಸರ್ಕಾರ ತನ್ನ ಜನಕ್ಕೆ ‘ಬದ್ಮೆ ನಮಗೇ ಬಂತು’ ಅಂತ ಸಾರಿತು. ಗೆರೆಯ ಪಶ್ಚಿಮಕ್ಕೆ, ಎರಿಟ್ರಿಯಾ ಕಡೆ ಬದ್ಮೆ ಇದೆ ಅಂತ ಆಯೋಗವೇ 2003ರ ಮಾರ್ಚಿನಲ್ಲಿ ಬಿಡಿಸಿ ಹೇಳಿತು. ಒಮ್ಮೆ ಗೆದ್ದೆ ಅಂತ ಊರಿಗೆಲ್ಲ ಹೇಳಿದವನು ಮತ್ತೆ ಸೋತೆ ಅಂತ ಹೇಳುವುದು ಎಷ್ಟು ಕಷ್ಟ ನೋಡಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಥಿಯೋಪಿಯಾದ ಆಗಿನ ಪ್ರಧಾನಿ ಮೆಲೆಸ್ ಅವರು ಆಗಿನ ವಿಶ್ವಸಂಸ್ಥೆ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್‌ಗೆ ಕಾಗದ ಬರೆದು ಬೇರೆ ದಾರಿ ಹುಡುಕಿ ಅಂದರು. 2004ರಲ್ಲಿ ‘ತಾತ್ವಿಕವಾಗಿ ಒಪ್ಪುತ್ತೇವೆ’ ಅಂದರು. ತಾತ್ವಿಕವಾಗಿ ಅನ್ನೋ ಪದ ಕೇಳಿದರೆ ನಮ್ಮ ಕೋರ್ಟಿನ ಕಾರಿಡಾರಿನಲ್ಲಿ ಎಲ್ಲರೂ ನಗುತ್ತಾರೆ.

ಕಲ್ಲು ನೆಡಲು ಆಯೋಗಕ್ಕೆ ಆಗಲೇ ಇಲ್ಲ. ಕೊನೆಗೆ 2006ರ ನವೆಂಬರ್‌ನಲ್ಲಿ, ‘ಒಂದು ವರ್ಷ ಸಮಯ ಕೊಡುತ್ತೇವೆ, ನೀವು ಬಾರದಿದ್ದರೆ ನಾವು ಅಕ್ಷಾಂಶ ರೇಖಾಂಶ ಬರೆದು ಕೊಟ್ಟಿರುವ ಈ ಬಿಂದುಗಳನ್ನೇ ಕಲ್ಲು ಅಂತ ತಿಳಿಯಿರಿ’ ಅಂದಿತು. ಮುಂದಿನ ನವೆಂಬರ್ ಬಂತು, ಯಾರೂ ಬರಲಿಲ್ಲ, ಆಯೋಗ ಗಂಟು ಮೂಟೆ ಕಟ್ಟಿತು. ಕಾಗದದ ಮೇಲಿನ ಬಾಂದುಕಲ್ಲು. ನನ್ನ ಹೆಸರು ಇಲ್ಲಿ ಬಾಂದುಕಲ್ಲು ಅಂತ ಇಟ್ಟುಕೊಂಡಿದ್ದು ಇದೇ ಕಾರಣಕ್ಕಲ್ಲ, ಆದರೆ ಹೊಂದುತ್ತದೆ ಅಲ್ವಾ.

ಗಂಗೋತ್ರಿ_ಹೈದ:

ವಕೀಲರೇ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನಕ್ಷೆಯಲ್ಲಿ ಊರೇ ಇರಲಿಲ್ಲ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಆದರೆ ಅಮೀನ ಇಲ್ಲ ಅಂದಿರಿ. ವಿಶ್ವಸಂಸ್ಥೆಯ ಪಡೆ ಅಲ್ಲೇ ಇತ್ತಲ್ಲ, ನಾಲ್ಕು ಸಾವಿರ ಚಿಲ್ಲರೆ ಸೈನಿಕರು. ಅವರೇ ಯಾಕೆ ಕಲ್ಲು ನೆಡಿಸಬಾರದಿತ್ತು?

ನೀಲಿಟೋಪಿ_ಪಾಂಡವಪುರ:

ನಾನು ಆ ಪಡೆಯಲ್ಲಿ ಇದ್ದೆ. ನಮ್ಮ ಬಟಾಲಿಯನ್ ಮಧ್ಯದ ಸೆಕ್ಟರ್, ಪಶ್ಚಿಮಕ್ಕೆ ಜೋರ್ಡಾನಿನವರು, ಪೂರ್ವಕ್ಕೆ ಕೆನ್ಯಾದವರು. ಬರವಣಿಗೆ ನನಗೆ ಅಷ್ಟು ಬರಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಕೆಲಸ ನೋಡುವುದು, ಬರೆದುಕೊಳ್ಳುವುದು, ಮೇಲೆ ತಿಳಿಸುವುದು. 25 ಕಿಲೋಮೀಟರ್ ಅಗಲದ ಒಂದು ಪಟ್ಟಿ ಮಾಡಿದ್ದರು, ಅಲ್ಲಿ ಯಾರ ಸೈನ್ಯವೂ ಬರುವ ಹಾಗಿಲ್ಲ. ಆ ಪಟ್ಟಿ ಪೂರ್ತಿ ಎರಿಟ್ರಿಯಾ ಕಡೆಯ ನೆಲದಲ್ಲಿ ಇತ್ತು. ಇದನ್ನು ಯಾರೂ ಜಾಸ್ತಿ ಹೇಳಲ್ಲ. ಎರಿಟ್ರಿಯಾದವನ ಕಣ್ಣಲ್ಲಿ ನೋಡಿ: ಸೋತಿದ್ದೂ ಅವನೇ, ಜಾಗ ಬಿಟ್ಟಿದ್ದೂ ಅವನೇ, ಕೇಸು ಗೆದ್ದ ಮೇಲೂ ಅವನ ಜಮೀನಲ್ಲೇ ನಾವು ಟೆಂಟು ಹಾಕಿಕೊಂಡು ಕೂತಿದ್ದೇವೆ. ಅಲ್ಲಿನ ಮುದುಕರು ಮೊದಮೊದಲು ಕರೆದು ಕಾಫಿ ಕೊಡುತ್ತಿದ್ದರು. ತೀರ್ಪಾಗಿ ವರ್ಷಗಳು ಕಳೆದ ಮೇಲೆ ನೋಡುವ ರೀತಿ ಬದಲಾಯಿತು. ತಪ್ಪು ಹೇಳಲಾರೆ.

ನೆಲಬಾಂಬು ಜಾಸ್ತಿ. ದನ ಮೇಯಿಸುವ ಹುಡುಗರು ಎಲ್ಲಿ ಕಾಲಿಡಬೇಕು ಅಂತ ಬೆರಳು ತೋರಿಸುತ್ತಿದ್ದರು, ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಬಲವಂತ ಮಾಡಿ ಕಲ್ಲು ನೆಡಿಸಿ ಅಂತ ನಮಗೆ ಹುಕುಂ ಇರಲಿಲ್ಲ. ಎರಡೂ ದೇಶ ಒಪ್ಪಿದ್ದಕ್ಕೆ ನಾವು ಅಲ್ಲಿದ್ದೆವು, ಒಪ್ಪಿಗೆ ಹೋದರೆ ನಾವೂ ಹೋಗಬೇಕು. ಹಾಗೇ ಆಯಿತು. 2005ರ ಅಕ್ಟೋಬರ್‌ನಲ್ಲಿ ಎರಿಟ್ರಿಯಾ ನಮ್ಮ ಹೆಲಿಕಾಪ್ಟರ್ ಹಾರಬಾರದು ಅಂದಿತು. ಗಾಯ ಆದವನನ್ನು ಸಾಗಿಸುವುದಕ್ಕೂ ಕಷ್ಟ. ಡಿಸೆಂಬರ್‌ಗೆ ಅಮೆರಿಕ, ಯುರೋಪಿನ ಸಿಬ್ಬಂದಿ ಜಾಗ ಖಾಲಿ ಮಾಡಿ ಅಂದಿತು. ಆಗ ಪಡೆಯ ಮುಖ್ಯಸ್ಥರು ನಮ್ಮ ಭಾರತದವರೇ, ಜನರಲ್ ರಾಜೇಂದರ್ ಸಿಂಗ್. ಕೊನೆಗೆ ಡೀಸೆಲ್ ಪೂರೈಕೆಯೂ ನಿಂತಿತು, 2008ರ ಜುಲೈ 31ಕ್ಕೆ ಕಾರ್ಯಾಚರಣೆಯನ್ನೇ ಮುಚ್ಚಿದರು. ನಾನು ಅದಕ್ಕೆ ಮುಂಚೆಯೇ ಬಂದಿದ್ದೆ.

ಆದರೆ ಬರೀ ಫೋಟೊಗೆ ಅಂತ ಮಾತ್ರ ಹೇಳಬೇಡಿ. ನಾವು ಇದ್ದ ಅಷ್ಟು ವರ್ಷ ಆ ಗಡಿಯಲ್ಲಿ ಮತ್ತೆ ಯುದ್ಧ ಆಗಲಿಲ್ಲ. ಅಲ್ಲಿ ರೈತರು ಎರಡು ಮೂರು ಬೆಳೆ ತೆಗೆದಿದ್ದನ್ನು ನಾನೇ ನೋಡಿದ್ದೇನೆ.

ರಾಜ್ಯಶಾಸ್ತ್ರ_ಮೇಡಂ:

ನೀಲಿಟೋಪಿಯವರ ಮಾತು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ನಾನು ಪುಸ್ತಕದಿಂದ ಪಾಠ ಮಾಡುವವಳು, ಇವರು ನಿಂತು ನೋಡಿದವರು.

ಆದರೂ ಎರಡು ಮೂರು ಮಾತು ಸೇರಿಸಬೇಕು, ಯಾಕೆಂದರೆ ಮೇಲಿನದನ್ನೆಲ್ಲ ಓದಿದರೆ ಎರಿಟ್ರಿಯಾ ಪಾಪದ್ದು, ಇಥಿಯೋಪಿಯಾ ಮೊಂಡು ಅನ್ನೋ ಹಾಗಿದೆ. ಅದೇ ಅಲ್ಜೀರ್ಸ್ ಒಪ್ಪಂದದಲ್ಲಿ ಇನ್ನೊಂದು ಆಯೋಗ ಇತ್ತು, ನಷ್ಟ ಪರಿಹಾರದ್ದು. 2005ರ ಡಿಸೆಂಬರ್‌ನಲ್ಲಿ ಅದು ಹೇಳಿದ್ದು: 1998ರ ಮೇ ತಿಂಗಳಲ್ಲಿ ಸೈನ್ಯ ನುಗ್ಗಿಸಿ ಎರಿಟ್ರಿಯಾ ವಿಶ್ವಸಂಸ್ಥೆಯ ಸನ್ನದನ್ನು ಮುರಿಯಿತು. ಎರಿಟ್ರಿಯಾ ವಾದ ಏನಿತ್ತೆಂದರೆ, ನಮ್ಮದೇ ನೆಲಕ್ಕೆ ನಾವು ಹೋದೆವು ಅಂತ. ಆಯೋಗ ಒಪ್ಪಲಿಲ್ಲ. ಜಾಗ ನಿನ್ನದಿರಬಹುದು, ಶಾಂತಿಯಿಂದ ಇನ್ನೊಬ್ಬರ ಆಡಳಿತದಲ್ಲಿ ಇದ್ದುದನ್ನು ಬಂದೂಕು ಹಿಡಿದು ಬಿಡಿಸಿಕೊಳ್ಳುವ ಹಾಗಿಲ್ಲ ಅಂದಿತು. ಅಂದರೆ ಒಂದು ಆಯೋಗ ಜಾಗ ನಿನ್ನದು ಅಂತು, ಇನ್ನೊಂದು ಆಯೋಗ ನೀನು ಹೋದ ರೀತಿ ತಪ್ಪು ಅಂತು. ಎರಡೂ ನಿಜ. ಸಾರ್ವಭೌಮತ್ವ ಅಂದರೆ ‘ನಾನು ಹೇಳಿದ್ದೇ ಕಾನೂನು’ ಅಲ್ಲ ಅಂತ ಹೇಳೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಆಫ್ರಿಕಾ ಏಕತಾ ಸಂಘಟನೆ. 1963ರ ಸನ್ನದಿನಲ್ಲೇ ಪ್ರತಿ ದೇಶದ ಸಾರ್ವಭೌಮತ್ವ, ಗಡಿಗೆ ಗೌರವ ಅಂತ ಬರೆದಿದ್ದರು. 1964ರಲ್ಲಿ ಕೈರೋದಲ್ಲಿ ಸೇರಿ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳೇ ಗಡಿ ಅಂತ ತೀರ್ಮಾನ ಮಾಡಿದರು. ಬಿಳಿಯರು ಬರೆದ ಗೆರೆ ಯಾಕೆ ಉಳಿಸಿಕೊಂಡರು ಅಂದರೆ, ಒಂದು ಕಲ್ಲು ಕಿತ್ತರೆ ಇಡೀ ಖಂಡದಲ್ಲಿ ಕಲ್ಲು ಕೀಳುತ್ತಾರೆ ಅನ್ನೋ ಭಯ. ಆ ಭಯ ತಪ್ಪಲ್ಲ. ಆದರೆ ಗೆರೆ ಎಲ್ಲಿದೆ ಅನ್ನೋದೇ ಜಗಳವಾದರೆ ‘ಇರುವ ಗೆರೆ ಗೌರವಿಸಿ’ ಅನ್ನೋ ಮಾತು ಎಷ್ಟು ಉಪಯೋಗ?

ಇದರ ಮೇಲೆ ಸಂಘಟನೆಯ ಕಚೇರಿ ಇದ್ದಿದ್ದೇ ಆಡಿಸ್ ಅಬಾಬಾದಲ್ಲಿ, ಜಗಳದ ಒಬ್ಬ ಕಕ್ಷಿದಾರನ ಮನೆ ಜಗಲಿಯಲ್ಲಿ. ಎರಿಟ್ರಿಯಾಗೆ ಮೊದಲಿಂದಲೂ ಅನುಮಾನ, ಪಂಚಾಯಿತಿ ಯಜಮಾನರು ಎದುರಾಳಿ ಮನೆ ಊಟ ಮಾಡಿ ಬಂದಿದ್ದಾರೆ ಅಂತ. ಮಧ್ಯಸ್ಥಿಕೆಯ ತಂಡದಲ್ಲಿ ಪಕ್ಕದ ದೇಶ ಜಿಬೂಟಿ ಇತ್ತು. ಅಸಬ್ ಬಂದರು ಬಂದ್ ಆದ ಮೇಲೆ ಇಥಿಯೋಪಿಯಾದ ಸರಕೆಲ್ಲ ಜಿಬೂಟಿ ಬಂದರಿಗೆ ಹೋಗುತ್ತಿತ್ತು. ಎರಿಟ್ರಿಯಾ ತಕರಾರು ತೆಗೆಯಿತು, 1998ರ ನವೆಂಬರ್‌ನಲ್ಲಿ ಎರಿಟ್ರಿಯಾ ಮತ್ತು ಜಿಬೂಟಿ ಸಂಬಂಧವೇ ಕಡಿದುಹೋಯಿತು. ಅಕ್ಕಪಕ್ಕದವರು ರಾಜಿ ಮಾಡಿಸಲು ಬಂದರೆ ಇದೇ ಪೇಚು. ದೂರದವನಿಗೆ ಊರ ವಿಷಯ ಗೊತ್ತಿರಲ್ಲ, ಹತ್ತಿರದವನಿಗೆ ಪಾಲಿರುತ್ತದೆ.

ಜಾಮೀನಿನ ವಿಷಯ ಯಾರೂ ಎತ್ತಲಿಲ್ಲ. 2000ದ ಜೂನ್ ಒಪ್ಪಂದದಲ್ಲಿ ಆಫ್ರಿಕಾ ಸಂಘಟನೆ ಮತ್ತು ವಿಶ್ವಸಂಸ್ಥೆ ಎರಡೂ ಜಾಮೀನು ನಿಂತಿದ್ದವು. ಮುರಿದವರ ಮೇಲೆ ಭದ್ರತಾ ಮಂಡಳಿ ಕ್ರಮ ಕೈಗೊಳ್ಳಬಹುದು ಅಂತ ಬರೆದಿತ್ತು. ತೀರ್ಪು ಒಪ್ಪದ ಇಥಿಯೋಪಿಯಾ ಮೇಲೆ ಏನೂ ಆಗಲಿಲ್ಲ. 2009ರಲ್ಲಿ ನಿರ್ಬಂಧ ಬಿದ್ದಿದ್ದು ಎರಿಟ್ರಿಯಾ ಮೇಲೆ, ಅದೂ ಸೊಮಾಲಿಯಾ ಮತ್ತು ಜಿಬೂಟಿ ವಿಷಯಕ್ಕೆ. ಇಥಿಯೋಪಿಯಾ ದೊಡ್ಡ ದೇಶ, 2001ರ ನಂತರ ಅಮೆರಿಕಕ್ಕೆ ಆ ಕಡೆ ಬೇಕಾದ ಗೆಳೆಯ, 2006ರ ಕೊನೆಗೆ ಸೊಮಾಲಿಯಾಗೆ ಸೈನ್ಯವನ್ನೂ ಕಳಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಅಮೀನ ಇರಲಿಲ್ಲ ಅನ್ನೋದು ಅರ್ಧ ಸತ್ಯ ವಕೀಲರೇ. ಅಮೀನನನ್ನು ಕಳಿಸುವ ಮನಸ್ಸು ಇರಲಿಲ್ಲ.

ಬಾಂದುಕಲ್ಲು:

ಮೇಡಂ, ಒಪ್ಪಿದೆ. ಆ ಎರಡು ಆಯೋಗದ ಮಾತು ನಮ್ಮ ಕಾನೂನಿನಲ್ಲೂ ಇದೆ. ನಿರ್ದಿಷ್ಟ ಪರಿಹಾರ ಕಾಯ್ದೆ 1963, ಕಲಂ 6. ಕಬ್ಜದಲ್ಲಿದ್ದವನನ್ನು ಕಾನೂನು ಬಿಟ್ಟು ಎಬ್ಬಿಸಿದರೆ ಆರು ತಿಂಗಳೊಳಗೆ ಕೋರ್ಟಿಗೆ ಬಂದು ಕಬ್ಜ ವಾಪಸ್ ಕೇಳಬಹುದು, ಎಬ್ಬಿಸಿದವನು ಮಾಲೀಕನೇ ಆಗಿದ್ದರೂ ಸರಿ. ಪಹಣಿ ಯಾರ ಹೆಸರಲ್ಲಿದೆ ಅನ್ನೋದು ಆಮೇಲಿನ ಮಾತು.

ವಿಸಿನಾಲೆ:

ಇದನ್ನೆಲ್ಲ ಓದುತ್ತಾ ನನಗೆ ಕಾವೇರಿನೇ ನೆನಪಾಗುತ್ತಿದೆ. 1892 ಮತ್ತು 1924ರ ಒಪ್ಪಂದಗಳೂ ಬ್ರಿಟಿಷರ ಕಾಲದಲ್ಲೇ ಆಗಿದ್ದು, ಮೈಸೂರು ಸಂಸ್ಥಾನದ ಕೈ ತಿರುಚಿ ಮಾಡಿಸಿದ್ದು ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆದ ಮೇಲೂ ಅದೇ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಬದ್ಮೆಯವನಿಗೆ ‘ಇಟಲಿ ಬರೆದ ಗೆರೆ ನೋಡು’ ಅಂದರೆ ಸಿಟ್ಟು ಬರದೆ ಇರುತ್ತಾ? ನಮಗೆ ಬರಲ್ವಾ?

ರಾಜ್ಯಶಾಸ್ತ್ರ_ಮೇಡಂ:

ಸಿಟ್ಟಿನ ಮಟ್ಟಿಗೆ ಹೋಲಿಕೆ ಸರಿ. ಆದರೆ ಒಂದು ವ್ಯತ್ಯಾಸ ಇದೆ. ಇಲ್ಲಿ 1990ರಲ್ಲಿ ನ್ಯಾಯಮಂಡಳಿ ಆಯಿತು, 2007ರಲ್ಲಿ ಐತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 14.75 ಟಿಎಂಸಿ ಜಾಸ್ತಿ ಮಾಡಿ 284.75 ಮಾಡಿತು. ಇಷ್ಟವಿರಲಿ ಬಿಡಲಿ, ಮೇಲೆ ಒಬ್ಬರಿದ್ದಾರೆ. ನೀರು ಬಿಡದಿದ್ದರೆ ಕೇಳುತ್ತಾರೆ. ಗಮನಿಸಿ, ನಮ್ಮ ಕೋರ್ಟಿಗೆ ನ್ಯಾಯವಾದ ಹಂಚಿಕೆ ಯಾವುದು ಅಂತ ನೋಡುವ ಅಧಿಕಾರವೂ ಇತ್ತು, ಬೆಂಗಳೂರಿನ ಕುಡಿಯುವ ನೀರನ್ನು ಅದು ಲೆಕ್ಕಕ್ಕೆ ಹಿಡಿಯಿತು. ಬದ್ಮೆ ಆಯೋಗಕ್ಕೆ ಆ ಅಧಿಕಾರವನ್ನೇ ಕೊಟ್ಟಿರಲಿಲ್ಲ.

ಸುಮ್ನೆ_ಓದ್ತೀನಿ:

ಕಾವೇರಿ ಬಂತು ಅಂದರೆ ಇನ್ನು ಇಲ್ಲಿ ಇನ್ನೂರು ಕಾಮೆಂಟ್ ಗ್ಯಾರಂಟಿ. ದಯವಿಟ್ಟು ಬದ್ಮೆಗೆ ವಾಪಸ್ ಹೋಗೋಣ. ಕೊನೆಗೆ ಆ ಹಳ್ಳಿ ಯಾರಿಗಾಯ್ತು? ಎರಡು ಗಂಟೆಯಿಂದ ಓದುತ್ತಿದ್ದೇನೆ, ಅನ್ನ ತಣ್ಣಗಾಯಿತು.

ಹಳೇಮೇಷ್ಟ್ರು_ಕುವೆಂಪುನಗರ:

ಹಹ್ಹ. ಹೇಳುತ್ತೇನೆ ಕೇಳಿ.

2018ರ ಏಪ್ರಿಲ್‌ನಲ್ಲಿ ಅಬಿ ಅಹ್ಮದ್ ಇಥಿಯೋಪಿಯಾದ ಪ್ರಧಾನಿಯಾದರು. ಜೂನ್‌ನಲ್ಲಿ ತೀರ್ಪು ಪೂರ್ತಿ ಒಪ್ಪುತ್ತೇವೆ ಅಂದರು. ಜುಲೈ 9ಕ್ಕೆ ಅಸ್ಮಾರಾದಲ್ಲಿ ಯುದ್ಧ ಮುಗಿಯಿತು ಅಂತ ಅಬಿ ಮತ್ತು ಇಸಾಯಿಯಸ್ ಇಬ್ಬರೂ ಸಹಿ ಹಾಕಿದರು. ಫೋನ್ ಲೈನು ಬಂತು, ವಿಮಾನ ಹಾರಿತು, ಮರುವರ್ಷ ಅಬಿಗೆ ನೊಬೆಲ್ ಶಾಂತಿ ಪ್ರಶಸ್ತಿ. ಅದೇ 2018ರ ಸೆಪ್ಟೆಂಬರ್ 11 ಇಥಿಯೋಪಿಯಾದ ಹೊಸ ವರ್ಷ, ಅವತ್ತು ಝಲಂಬೆಸ್ಸಾ ಗಡಿ ತೆರೆದರು. ನಾನು ಆಗ ಇಲ್ಲಿಗೆ ಬಂದಾಗಿತ್ತು. ನನ್ನ ಹಳೇ ಶಿಷ್ಯರು ಕಳಿಸಿದ ವಿಡಿಯೊ ನೋಡಿ ಮನೆಯಲ್ಲಿ ಒಬ್ಬನೇ ಕೂತು ಅತ್ತೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಜನ ರಸ್ತೆಯಲ್ಲೇ ತಬ್ಬಿಕೊಂಡು ನಿಂತಿದ್ದರು. ವರ್ಷ ಮುಗಿಯುವಷ್ಟರಲ್ಲಿ ಆ ಗಡಿ ಮತ್ತೆ ಮುಚ್ಚಿತು.

ಕಲ್ಲು ಆಗಲೂ ನೆಡಲಿಲ್ಲ, ಬದ್ಮೆಯಿಂದ ಸೈನ್ಯ ಆಗಲೂ ಏಳಲಿಲ್ಲ. ಬದ್ಮೆಯ ಜನ ಟಿಗ್ರೇಯವರು. ಅವರನ್ನು ಕೇಳದೆ ಆಡಿಸ್‌ನಲ್ಲಿ ಕೂತು ಒಪ್ಪಿದರು ಅನ್ನೋ ಸಿಟ್ಟು ಅಲ್ಲಿ ಜೋರಾಗಿತ್ತು. 2020ರ ನವೆಂಬರ್‌ನಲ್ಲಿ ಇಥಿಯೋಪಿಯಾ ಸರ್ಕಾರಕ್ಕೂ ಟಿಗ್ರೇಯವರಿಗೂ ಯುದ್ಧ ಹತ್ತಿತು. ಆಗ ಎರಿಟ್ರಿಯಾದ ಸೈನ್ಯ ಅಬಿ ಪರವಾಗಿ ಟಿಗ್ರೇಗೆ ಬಂತು, ಬದ್ಮೆಯನ್ನೂ ಹಿಡಿಯಿತು. ಡಿಕ್ರಿ ಆಗಿ 18 ವರ್ಷಕ್ಕೆ ಕಬ್ಜ. ಅಮೀನ ಬಂದು ಕೊಡಿಸಿದ್ದಲ್ಲ, ಇನ್ನೊಂದು ಯುದ್ಧ ಕೊಡಿಸಿದ್ದು. 2022ರ ನವೆಂಬರ್ 2ಕ್ಕೆ ಪ್ರಿಟೋರಿಯಾದಲ್ಲಿ ಆಫ್ರಿಕಾ ಒಕ್ಕೂಟ, ಅಂದರೆ ಹಿಂದಿನ ಏಕತಾ ಸಂಘಟನೆಯ ಜಾಗಕ್ಕೆ ಬಂದದ್ದು, ಇಥಿಯೋಪಿಯಾ ಸರ್ಕಾರಕ್ಕೂ ಟಿಗ್ರೇಯವರಿಗೂ ರಾಜಿ ಮಾಡಿಸಿತು, ನೈಜೀರಿಯಾದ ಒಬಾಸಾಂಜೊ, ಕೆನ್ಯಾದ ಕೆನ್ಯಾಟ್ಟಾ ಎಲ್ಲ ಕೂತಿದ್ದರು. ಎರಿಟ್ರಿಯಾ ಆ ಮೇಜಿನಲ್ಲೇ ಇರಲಿಲ್ಲ. 2023ರಲ್ಲಿ ಅಬಿ ಮತ್ತೆ ಕೆಂಪು ಸಮುದ್ರದ ಬಂದರು ಬೇಕು ಅಂತ ಮಾತೆತ್ತಿದರು, ಅಸ್ಮಾರಾದವರ ಮುಖ ಮತ್ತೆ ಗಂಟಾಯಿತು.

ಗಂಗೋತ್ರಿ ಹೈದ, ನಿನ್ನ ಸ್ನೇಹಿತನ ಮನೆಯವರು ಆ ಎರಡು ವರ್ಷ ಮೆಕೆಲೆಯಲ್ಲೇ ಇದ್ದರಾ ಅಂತ ಒಮ್ಮೆ ಯೋಚನೆ ಮಾಡು. ಕರೆಂಟು, ಬ್ಯಾಂಕು, ಫೋನು ಬಹುಕಾಲ ಇರಲಿಲ್ಲ ಅಲ್ಲಿ. ಬದ್ಮೆ ಬಗ್ಗೆ ಕೇಳುವ ಮೊದಲು ಅಮ್ಮ ಹೇಗಿದ್ದಾರೆ ಅಂತ ಕೇಳಬಹುದಿತ್ತು. ಬೈತಿಲ್ಲ, ಹೇಳಿದೆ ಅಷ್ಟೇ.

ಗಂಗೋತ್ರಿ_ಹೈದ:

ಮೇಷ್ಟ್ರೇ, ನಿಮ್ಮ ಕೊನೆ ಸಾಲು ಓದಿ ಸಂಜೆಯೇ ಹೋದೆ. ಕೇಳಿದೆ.

ಅವರ ಅಮ್ಮ ಮೆಕೆಲೆಯಲ್ಲೇ ಇದ್ದರಂತೆ. ತಿಂಗಳುಗಟ್ಟಲೆ ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲವಂತೆ. ಅಮ್ಮನ ತಂಗಿ ಎರಿಟ್ರಿಯಾದಲ್ಲಿ, ಗಡಿಯಿಂದ ಬಸ್ಸಿನಲ್ಲಿ ಹೋದರೆ ಅರ್ಧ ದಿನದ ದಾರಿ. ಯುದ್ಧಕ್ಕೆ ಮುಂಚೆ ಮದುವೆಯಾಗಿ ಹೋದವರು. 2018ರ ಜುಲೈನಲ್ಲಿ ಫೋನ್ ಬಂದ ದಿನ 20 ವರ್ಷದ ಮೇಲೆ ಅಕ್ಕ ತಂಗಿ ಮಾತಾಡಿದರಂತೆ. ಇಬ್ಬರಿಗೂ ಮೊದಲು ಧ್ವನಿ ಗುರುತು ಸಿಗಲಿಲ್ಲವಂತೆ. ಬದ್ಮೆ ಯಾರದ್ದು ಅಂತ ನಾನು ಮತ್ತೆ ಕೇಳಲಿಲ್ಲ. ಅವರೇ ತೀರ್ಪಿನ ನಕ್ಷೆ ಫೋನಿನಲ್ಲಿ ತೆಗೆದು, ಊರಿನ ಹೆಸರು ಇಲ್ಲ ನೋಡು ಅಂತ ತೋರಿಸಿದರು. ವಕೀಲರು ಹೇಳಿದ್ದನ್ನೇ.

ಭಾನುವಾರ ಮನೆಗೆ ಬಾ, ನಮ್ಮ ಪದ್ಧತಿಯಂತೆ ಕಾಫಿ ಮಾಡುತ್ತೇನೆ ಅಂದಿದ್ದಾರೆ. ಮೂರು ಸುತ್ತು ಕುಡಿಯದೆ ಏಳುವ ಹಾಗಿಲ್ಲವಂತೆ, ಹೌದಾ ಮೇಷ್ಟ್ರೇ?

ಹಳೇಮೇಷ್ಟ್ರು_ಕುವೆಂಪುನಗರ:

ಹೌದು. ಮೂರನೇ ಸುತ್ತಿಗೆ ಬರಕಾ ಅಂತಾರೆ. ಅವತ್ತು ಅರ್ಧ ಲೋಟ ಬಿಟ್ಟು ಎದ್ದವನು ಅವನು, ನೀನು ಅದಕ್ಕೆ ಮುಂಚೆ ಏಳಬೇಡ. ಖಾಲಿ ಹೊಟ್ಟೆಯಲ್ಲೂ ಹೋಗಬೇಡ, ಕಾಫಿ ಬಹಳ ಸ್ಟ್ರಾಂಗ್.